ಹಳೆಯ ಮೋಟಾರು ದೋಣಿ: ವೇಗ ಹೆಚ್ಚಿಸುವ ಮುನ್ನ

ನೀರಿನ ಮೇಲೆ ವಿಹರಿಸುವ ಹಂಬಲ ಮಾನವನಿಗೆ ಹೊಸದೇನಲ್ಲ. ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ಮತ್ತು ಮಿಚಿಗನ್ ರಾಜ್ಯಗಳು ಸಾವಿರಾರು ಸರೋವರಗಳ ನಾಡು. ಅಲ್ಲಿಯ ದೀರ್ಘ ಚಳಿಗಾಲ ಕಳೆದು ಬೇಸಿಗೆ ಬಂದೊಡನೆ ಜನ ದೋಣಿಗಳೊಂದಿಗೆ ಸರೋವರಗಳತ್ತ ಧಾವಿಸುತ್ತಾರೆ. ಉದ್ಯೋಗನಿಮಿತ್ತ ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು, ಬಂಧುಗಳು ಈ ಹವ್ಯಾಸಕ್ಕೆ ಮನಸೋತರೆ ಆಶ್ಚರ್ಯವಿಲ್ಲ. ಹೊಸ ದೋಣಿ ದುಬಾರಿಯಾದುದರಿಂದ ಬಳಸಿದ ದೋಣಿಯತ್ತ ಅನೇಕರ ಒಲವು. ಕೊಂಡ ಕೆಲವು ದಿನಗಳಲ್ಲೇ ‘ಇದರ ವೇಗ ಸಾಲದು, ದೊಡ್ಡ ಎಂಜಿನ್ ಹಾಕಿಸೋಣ’ ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಅದಕ್ಕೆ ಹೂಂ ಎನ್ನುವ ಮುನ್ನ ಕೆಲವು ಸಂಗತಿಗಳನ್ನು ವಿಚಾರ ಮಾಡುವುದು ಒಳಿತು.

ಒಡಲು ಮೊದಲು, ಎಂಜಿನ್ ಅನಂತರ

ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಎಂಜಿನ್ ಮೇಲೆ. ಆದರೆ ಎಂಜಿನ್ ಕೆಟ್ಟರೆ ಬದಲಿಸಬಹುದು. ದೋಣಿಯ ಒಡಲು ಕೆಟ್ಟರೆ ಕೊಟ್ಟ ಹಣವೆಲ್ಲ ನೀರುಪಾಲು. ಹಳೆಯ ಫೈಬರ್‌ಗ್ಲಾಸ್ ದೋಣಿಗಳ ಪೈಕಿ ಅನೇಕವುಗಳ ಒಳಗೆ ಪ್ಲೈವುಡ್ ಇರುತ್ತದೆ. ತಿರುಪುಗಳ ರಂಧ್ರಗಳಿಂದ ನೀರು ಜಿನುಗಿ ಆ ಮರ ಕೊಳೆಯುತ್ತದೆ. ಎಂಜಿನ್ನಿನ ಭಾರವನ್ನೆಲ್ಲ ಹೊರುವ, ‘ಟ್ರಾನ್ಸಮ್’ ಎಂದು ಕರೆಯಲಾಗುವ ಹಿಂಬದಿಯ ಗೋಡೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿಯಾದ ಮರ ಖಣಖಣ ಎನ್ನುತ್ತದೆ. ಕೊಳೆತದ್ದು ಮಂಕಾದ ಸದ್ದು ಮಾಡುತ್ತದೆ. ನೆಲದ ಅಡಿಯ ಫೋಮ್ ನೀರು ಹೀರಿಕೊಂಡಿದ್ದರೆ ದೋಣಿಯ ತೂಕವೇ ಹೆಚ್ಚಿರುತ್ತದೆ. ಹೊರನೋಟಕ್ಕೆ ಇದು ತಿಳಿಯದು. ತೂಗಿಸಿ ನೋಡಿದರೆ ತಿಳಿದೀತು.

ಎಂಜಿನ್ನಿನ ಪರೀಕ್ಷೆಯೂ ಅಗತ್ಯ. ಸಿಲಿಂಡರುಗಳ ಒತ್ತಡವನ್ನು ಅಳೆದಾಗ ಅವುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚಿನ ಅಂತರ ಕಂಡರೆ ಎಚ್ಚರ ವಹಿಸಬೇಕು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಎಂಜಿನ್ ದೋಣಿಯ ಒಳಗಿದ್ದರೆ, ಚಳಿಗಾಲಕ್ಕೆ ಮುನ್ನ ಅದರೊಳಗಿನ ನೀರನ್ನು ಬಸಿದಿದ್ದರೇ ಎಂದು ಕೇಳಲೇಬೇಕು. ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಬೀಡುಕಬ್ಬಿಣವನ್ನೂ ಸೀಳಿಬಿಡುತ್ತದೆ. ಸರೋವರದಲ್ಲಿ ಒಮ್ಮೆ ಓಡಿಸಿ ನೋಡದೆ ಹಣ ಕೊಡಬಾರದು.

ವೇಗದ ಲೆಕ್ಕಾಚಾರ

ಎಂಜಿನ್ನಿನ ಶಕ್ತಿ ಇಮ್ಮಡಿಯಾದರೆ ವೇಗವೂ ಇಮ್ಮಡಿಯಾಗುವುದೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ನಿಧಾನವಾಗಿ ಸಾಗುವ ದೋಣಿ ನೀರನ್ನು ಸೀಳುತ್ತ ಹೋಗುತ್ತದೆ. ವೇಗ ಹೆಚ್ಚಿದಾಗ ಮೇಲೆದ್ದು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಹೀಗೆ ಜಾರುವ ದೋಣಿಗಳಿಗೆ ಅಮೆರಿಕದ ವಿನ್ಯಾಸಕ ಜಾರ್ಜ್ ಕ್ರೌಚ್ ಒಂದು ಸೂತ್ರವನ್ನು ಕೊಟ್ಟಿದ್ದಾರೆ. ಅದರಂತೆ, ತೂಕ ಬದಲಾಗದಿದ್ದರೆ ವೇಗವು ಅಶ್ವಶಕ್ತಿಯ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. 90 ಅಶ್ವಶಕ್ತಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಓಡುವ ದೋಣಿಗೆ 180 ಅಶ್ವಶಕ್ತಿಯ ಎಂಜಿನ್ ಜೋಡಿಸಿದರೆ ದೊರೆಯುವುದು ಸುಮಾರು 85 ಕಿಲೋಮೀಟರ್ ಮಾತ್ರ. ದೊಡ್ಡ ಎಂಜಿನ್ನಿನ ಹೆಚ್ಚುವರಿ ಭಾರ ಅದರಲ್ಲೂ ಒಂದಿಷ್ಟನ್ನು ಕಸಿದುಕೊಳ್ಳುತ್ತದೆ. ಇಂಧನದ ಖರ್ಚಂತೂ ಏರುತ್ತಲೇ ಹೋಗುತ್ತದೆ.

ಇದೇ ಸೂತ್ರ ಇನ್ನೊಂದು ಹಾದಿಯನ್ನೂ ತೋರಿಸುತ್ತದೆ. ಭಾರ ಇಳಿದರೆ ವೇಗ ಏರುತ್ತದೆ. ಬೇಡದ ಸಾಮಾನು ತೆಗೆಯುವುದು, ತಳಕ್ಕೆ ಅಂಟಿದ ಪಾಚಿಯನ್ನು ಉಜ್ಜಿ ತೊಳೆಯುವುದು, ಬಾಗಿದ ಪ್ರೊಪೆಲರನ್ನು ಸರಿಪಡಿಸುವುದು ಅಲ್ಪ ವೆಚ್ಚದ ಉಪಾಯಗಳು. ಪೂರ್ಣ ವೇಗದಲ್ಲಿ ಎಂಜಿನ್ ತನ್ನ ನಿಗದಿತ ಸುತ್ತುಗಳನ್ನು ತಲುಪದಿದ್ದರೆ, ಪ್ರೊಪೆಲರಿನ ‘ಪಿಚ್’ ಆ ದೋಣಿಗೆ ಹೆಚ್ಚಾಗಿರಬಹುದು. ಪಿಚ್ ಒಂದು ಅಂಗುಲ ಕಡಿಮೆಯಾದರೆ ಎಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಹೊಸ ಎಂಜಿನ್ ಬೇಕೆನ್ನುವವರ ಅತೃಪ್ತಿ ಎಷ್ಟೋ ಸಲ ಇಷ್ಟರಲ್ಲೇ ನೀಗುತ್ತದೆ.

ಫಲಕದ ಎಚ್ಚರಿಕೆ

ಅಮೆರಿಕದಲ್ಲಿ 1972ರ ನವೆಂಬರಿನಿಂದೀಚೆಗೆ ತಯಾರಾದ, 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳಲ್ಲಿ ಒಂದು ಫಲಕವಿರಬೇಕೆಂಬ ನಿಯಮವಿದೆ. ಎಷ್ಟು ಜನ, ಎಷ್ಟು ಭಾರ ಎಂಬುದನ್ನು ಅದು ತಿಳಿಸುತ್ತದೆ. ಹೊರಗೆ ಎಂಜಿನ್ ಜೋಡಿಸುವ ದೋಣಿಗಳಲ್ಲಿ ಗರಿಷ್ಠ ಅಶ್ವಶಕ್ತಿಯನ್ನೂ ನಮೂದಿಸಿರುತ್ತಾರೆ. ಫಲಕ 90 ಎಂದರೆ 90. 115ರ ಎಂಜಿನ್ ಅಗ್ಗವಾಗಿ ಸಿಕ್ಕಿತೆಂದು ಹಾಕಿಸುವುದು ಸಲ್ಲದು. ಮಿತಿ ಮೀರಿದರೆ ಹಿಂಬದಿ ಕುಸಿದು ನೀರು ಒಳನುಗ್ಗಬಹುದು, ತಿರುವಿನಲ್ಲಿ ದೋಣಿ ಹತೋಟಿ ತಪ್ಪಬಹುದು. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕು ಬಂದೀತು.

ನಮ್ಮ ನೆರೆಹೊರೆಯ ಪಾಠ

ಇದೆಲ್ಲ ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಮಂದಿ ಅಸುನೀಗಿದರು. ಮೀನುಗಾರಿಕೆಯ ಹಳೆಯ ದೋಣಿಯನ್ನು ಮಾರ್ಪಡಿಸಿ, ಅದರಲ್ಲಿ ಮಿತಿಮೀರಿ ಜನರನ್ನು ತುಂಬಲಾಗಿತ್ತು. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಂಜಿನ್ ಪರೀಕ್ಷೆಯಲ್ಲಿ ತೊಡಗಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ಅಪ್ಪಳಿಸಿತು. ನುರಿತವರ ಕೈಯಲ್ಲೂ ವೇಗ ಒಮ್ಮೊಮ್ಮೆ ಮಾತು ಕೇಳದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಹಳೆಯ ದೋಣಿ ಕೊಳ್ಳುವವರು ವೇಗಕ್ಕೆಂದು ತೆಗೆದಿರಿಸಿದ ಹಣದಲ್ಲಿ ಮೊದಲು ಟ್ರಾನ್ಸಮ್ ಭದ್ರಪಡಿಸಲಿ, ಮನೆಮಂದಿಗೆಲ್ಲ ಅಳತೆಗೆ ತಕ್ಕ ಲೈಫ್ ಜಾಕೆಟ್ ಕೊಳ್ಳಲಿ. ದೋಣಿ ನಡೆಸುವವರು ನೀರಿಗೆ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಸುರಕ್ಷಾ ದಾರವನ್ನು ತಪ್ಪದೆ ಕಟ್ಟಿಕೊಳ್ಳಲಿ. ಇಷ್ಟೆಲ್ಲ ಆದಮೇಲೂ ಫಲಕದ ಮಿತಿಯೊಳಗೆ ಅವಕಾಶವಿದ್ದರೆ ಎಂಜಿನ್ ಬದಲಿಸುವ ವಿಚಾರ ಮಾಡಬಹುದು. ಅವಕಾಶವಿಲ್ಲದಿದ್ದರೆ ಇರುವ ವೇಗದಲ್ಲೇ ಮಕ್ಕಳೊಡನೆ ಸರೋವರವನ್ನು ಸುತ್ತಿ ಬರುವುದೇ ಲೇಸು.