ಹೊಸ ಬಣ್ಣ, ಹಳೇ ತುಕ್ಕು, 30 ದಿನ

ಗಾಡಿಯ ಕೆಳಗೆ ಮಲಗಿಕೊಂಡು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದು, ನಿಜ ಹೇಳಬೇಕೆಂದರೆ, ಬರೀ ಶೋಕಿಗೆ. ಮಗ ಇಂಗ್ಲೆಂಡಿನಲ್ಲಿ ಮೋಟರ್‌ಹೋಮ್ ತಗೊಂಡಿದ್ದಾನೆ, ಅದರ ನೀರಿನ ಟ್ಯಾಂಕಿನ ನಲ್ಲಿಯನ್ನು ತಾನೇ ರಿಪೇರಿ ಮಾಡ್ತಿದ್ದಾನೆ ಅಂತ ತೋರಿಸಬೇಕಿತ್ತು. ಅಪ್ಪ ಮೂವತ್ತೊಂದು ವರ್ಷ ಕುಮಟಾದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಲ್ಲಿಯ ಕಡೆ ಅವರು ನೋಡಲೇ ಇಲ್ಲ.

"ತಡಿ ತಡಿ. ಫೋನ್ ಸ್ವಲ್ಪ ಎಡಕ್ಕೆ ಹಿಡಿ. ಯಾವ ವರ್ಷದ ಗಾಡಿ ಅಂದೆ?"

"2011, ಅಪ್ಪ."

"ಹದಿನಾಲ್ಕು ವರ್ಷದ ಗಾಡಿ ಅಡಿಗೆ ಇಷ್ಟು ಕಪ್ಪಗೆ ಹೊಳೀತದಾ ಮಾರಾಯ? ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಡಿ ನೋಡುವಾ."

ಬಡಿದೆ. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಡಬ್ ಅಂತು. ಅಪ್ಪನಿಗೆ ಏಳು ಸಾವಿರ ಕಿಲೋಮೀಟರ್ ಆಚೆಯಿಂದಲೂ ಆ ಸದ್ದು ಕೇಳಿಸಿತು. "ಈಗ ಸ್ಕ್ರೂಡ್ರೈವರ್ ತಿರುಗಿಸಿ ಚೂಪು ಕಡೆಯಿಂದ ಒತ್ತು" ಅಂದರು. ಒತ್ತಿದೆ. ಹಪ್ಪಳದೊಳಗೆ ಹೋದ ಹಾಗೆ ಒಳಗೆ ಹೋಯಿತು. ಮುಖದ ಮೇಲೆ ಕೆಂಪು ಪುಡಿ ಸುರಿಯಿತು. ಕಪ್ಪು ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಕಬ್ಬಿಣ ಇರಬೇಕಾದ ಜಾಗದಲ್ಲಿ ಬರೀ ತುಕ್ಕಿನ ಪದರ.

ಆ ಭಾನುವಾರ, 2025ರ ಮಾರ್ಚ್ 16, ನಾನು ಆ ಗಾಡಿ ಕೊಂಡು ಹದಿನೈದನೇ ದಿನ. ಕೊಟ್ಟಿದ್ದು 21,750 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 25 ಲಕ್ಷ ರೂಪಾಯಿ. ನಂದು ಮತ್ತು ಹೆಂಡತಿಯದು ಸೇರಿ ಎರಡೂವರೆ ವರ್ಷದ ಉಳಿತಾಯ.

ಯಾಕೆ ಬೇಕಿತ್ತು ಇದೆಲ್ಲ ಅಂತ ನೀವು ಕೇಳಬಹುದು. ಅಮ್ಮನ ಮಂಡಿ. ಜೂನ್‌ನಲ್ಲಿ ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬರುವವರಿದ್ದರು, ಸ್ಕಾಟ್ಲೆಂಡ್ ತೋರಿಸಬೇಕು ಅಂತ ನಮ್ಮ ಆಸೆ. ಅಮ್ಮನಿಗೆ ಎರಡು ಗಂಟೆಗಿಂತ ಹೆಚ್ಚು ಕೂರೋಕೆ ಆಗಲ್ಲ, ದಾರಿಯಲ್ಲಿ ಟಾಯ್ಲೆಟ್ ಎಲ್ಲಿ ಸಿಗುತ್ತೋ ಅನ್ನೋ ಚಿಂತೆ ಬೇರೆ. ಮೋಟರ್‌ಹೋಮ್ ಅಂದರೆ ಮಲಗಲು ಹಾಸಿಗೆ, ಟಾಯ್ಲೆಟ್, ಅನ್ನ ಸಾರು ಮಾಡಿಕೊಳ್ಳಲು ಗ್ಯಾಸ್ ಒಲೆ, ಎಲ್ಲಾ ಜೊತೆಗೇ ಬರುತ್ತೆ. ಮಿಲ್ಟನ್ ಕೀನ್ಸ್‌ನಲ್ಲಿರುವ ನಮ್ಮ ಮನೆಯಿಂದ ಮೂರು ಗಂಟೆ ದೂರದ ಡೀಲರ್ ಹತ್ತಿರ ಈ ಗಾಡಿ ಸಿಕ್ಕಿತು. ಒಳಗೆ ಹೊಸ ಕುಶನ್, ಹೊಸ ಪರದೆ. ಓಡಿದ್ದು ಬರೀ 31,000 ಮೈಲಿ. ಹದಿನಾಲ್ಕು ವರ್ಷಕ್ಕೆ ಇಷ್ಟೇನಾ ಅಂತ ಖುಷಿಪಟ್ಟೆ.

ಖುಷಿಪಡಬಾರದಿತ್ತು. ಮೋಟರ್‌ಹೋಮ್ ವಿಷಯದಲ್ಲಿ ಕಡಿಮೆ ಓಡಿದೆ ಅಂದರೆ ಬಹಳ ನಿಂತಿದೆ ಅಂತಲೂ ಅರ್ಥ. ಇಲ್ಲಿನವರು ಬೇಸಿಗೆಯಲ್ಲಿ ನಾಲ್ಕು ಟ್ರಿಪ್ ಹೋಗಿ, ಚಳಿಗಾಲ ಪೂರ್ತಿ ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿಬಿಡುತ್ತಾರೆ. ಅದರ ಜೊತೆಗೆ ಉಪ್ಪು. ರಸ್ತೆಯಲ್ಲಿ ಹಿಮ ಕಟ್ಟದಿರಲಿ ಅಂತ ಚಳಿಗಾಲದಲ್ಲಿ ಕಲ್ಲುಪ್ಪು ಎರಚುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಇದಕ್ಕಂತಲೇ ಉಪ್ಪು ತೆಗೆಯುವ ದೊಡ್ಡ ಗಣಿಯೇ ಇದೆ. ಆ ಉಪ್ಪುನೀರು ಚಕ್ರದಿಂದ ಎಗರಿ ಚಾಸಿಯ ಸಂದುಗೊಂದುಗಳಲ್ಲಿ ಕೂರುತ್ತದೆ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು ಬಂದೇ ಬರುತ್ತೆ, ಉಪ್ಪು ಸೇರಿದರೆ ಅದಕ್ಕೆ ರೆಕ್ಕೆ. ಕುಮಟಾದವನಾಗಿ ನನಗೆ ಇದು ಗೊತ್ತಿರಬೇಕಿತ್ತು. ನಮ್ಮ ಮನೆ ಕಿಟಕಿಯ ಸರಳುಗಳೇ ಮೂರು ಸಲ ಬದಲಾಗಿವೆ.

ಇನ್ನು ಆ ಕಪ್ಪು ಬಣ್ಣ. ಅದಕ್ಕೆ ಅಂಡರ್‌ಸೀಲ್ ಅಂತಾರೆ. ಸ್ವಚ್ಛವಾದ ಕಬ್ಬಿಣದ ಮೇಲೆ ಬಳಿದರೆ ಒಳ್ಳೆಯದೇ. ತುಕ್ಕಿನ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು, ಮೇಲೆ ಹೊಳೆಯುತ್ತಾ ಕೆಳಗೆ ಇನ್ನೂ ಜೋರಾಗಿ ತಿನ್ನುತ್ತದೆ.

ಆವತ್ತು ರಾತ್ರಿ ನಾನು ಮಾಡಿದ್ದು, ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ. ಇಲ್ಲಿ ಮೂರು ವರ್ಷ ದಾಟಿದ ಗಾಡಿಗಳಿಗೆ ಪ್ರತಿ ವರ್ಷ ಎಂಒಟಿ ಅನ್ನೋ ಟೆಸ್ಟ್ ಕಡ್ಡಾಯ. ಸರ್ಕಾರದ ಸೈಟಿನಲ್ಲಿ ಗಾಡಿಯ ನಂಬರ್ ಹಾಕಿದರೆ ಹಳೇ ಟೆಸ್ಟ್‌ಗಳ ಫಲಿತಾಂಶ ಬಿಟ್ಟಿಯಾಗಿ ಸಿಗುತ್ತೆ. ಪಾಸೋ ಫೇಲೋ, ಎಷ್ಟು ಮೈಲಿ, ಏನೇನು ಎಚ್ಚರಿಕೆ ಬರೆದಿದ್ದಾರೆ, ಎಲ್ಲಾ. 2023ರಲ್ಲಿ ಬರೆದಿದ್ದರು: ಹಿಂಭಾಗದ ಚಾಸಿಗೆ ತುಕ್ಕು. 2024ರಲ್ಲಿ ಮತ್ತೆ ಅದೇ. ನನಗೆ ಮಾರುವ ಒಂದು ವಾರ ಮೊದಲು ಡೀಲರ್ ಮಾಡಿಸಿದ ಟೆಸ್ಟ್‌ನಲ್ಲಿ ತುಕ್ಕಿನ ಮಾತೇ ಇಲ್ಲ. ಬದಲಿಗೆ ಒಂದು ಸಾಲು: ಅಡಿಭಾಗಕ್ಕೆ ಪೂರ್ತಿ ಅಂಡರ್‌ಸೀಲ್ ಬಳಿದಿದೆ. ಟೆಸ್ಟ್ ಮಾಡುವವರು ಏನನ್ನೂ ಬಿಚ್ಚಿ ನೋಡುವಂತಿಲ್ಲ, ಕಂಡಷ್ಟಕ್ಕೆ ಮಾತ್ರ ಅವರ ಸರ್ಟಿಫಿಕೇಟ್. ಹೊಸ ಎಂಒಟಿ ಇದೆ ಅಂತ ನಾನು ನಂಬಿದ್ದ ಕಾಗದದ ಬೆಲೆ ಅಷ್ಟೇ.

ಕೋಡ್ ರಿವ್ಯೂನಲ್ಲಿ ಒಂದು ಸೆಮಿಕೋಲನ್ ಬಿಡದೆ ಹುಡುಕುವ ನಾನು, 25 ಲಕ್ಷದ ವಸ್ತುವಿನ ಲಾಗ್ ಓದಿರಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯ್ತು.

ಸೋಮವಾರ ಬೆಳಿಗ್ಗೆ ಡೀಲರ್‌ಗೆ ಫೋನ್ ಮಾಡಿದೆ. ಮಾತು ಬಹಳ ನಯ. "ಹದಿನಾಲ್ಕು ವರ್ಷದ ಗಾಡಿ, ಸ್ವಲ್ಪ ತುಕ್ಕು ಸಹಜ. ನೀವೇ ಬಂದು ನೋಡಿ ತಗೊಂಡಿದ್ದೀರಿ. ಬಿಲ್‌ನಲ್ಲೂ 'ನೋಡಿದಂತೆಯೇ ಮಾರಲಾಗಿದೆ' ಅಂತ ಇದೆಯಲ್ಲ. ಆದರೂ ತನ್ನಿ, ಪುಕ್ಕಟೆ ವೆಲ್ಡಿಂಗ್ ಮಾಡಿ ಕೊಡ್ತೀವಿ."

ಇಲ್ಲೇ ನಾವಿಬ್ಬರೂ ಮೂರು ದಿನ ಜಗ್ಗಾಡಿದ್ದು. ಹೆಂಡತಿಗೆ ವೆಲ್ಡಿಂಗ್ ಮಾಡಿಸಿಕೊಳ್ಳೋಣ ಅಂತ. ಜೂನ್ ಹತ್ತಿರ ಇದೆ, ಜಗಳ ಶುರುವಾದರೆ ದುಡ್ಡೂ ಇಲ್ಲ ಗಾಡಿಯೂ ಇಲ್ಲ. ಅವಳ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಪುಟ್ಟಿ ಮೆತ್ತಿದ ಕೈಗೇ ವೆಲ್ಡಿಂಗ್ ಒಪ್ಪಿಸಿ, ಆ ಗಾಡಿಯಲ್ಲಿ ಅಮ್ಮನನ್ನು ಕೂರಿಸೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಗುರುವಾರ 180 ಪೌಂಡ್ ಕೊಟ್ಟು ಬೇರೆ ಊರಿನ ಇನ್ಸ್‌ಪೆಕ್ಟರ್ ಒಬ್ಬರನ್ನು ಕರೆಸಿದೆ. ಅವರ ವರದಿ ಬಂದ ಮೇಲೆ ಅವಳೂ ಸುಮ್ಮನಾದಳು. ಲೀಫ್ ಸ್ಪ್ರಿಂಗ್ ಕೂರುವ ಜಾಗದ ಪಕ್ಕದಲ್ಲೇ ಕೈಬೆರಳು ಹೋಗುವಷ್ಟು ತೂತು. ಅದನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿದ್ದಾರೆ, ಇದು ಎರಡು ವಾರದಲ್ಲಿ ಆಗುವ ತುಕ್ಕಲ್ಲ, ಈ ಸ್ಥಿತಿಯಲ್ಲಿ ರಸ್ತೆಗೆ ಇಳಿಸುವುದು ಅಪಾಯ, ಅಂತ ಸ್ಪಷ್ಟವಾಗಿ ಬರೆದಿದ್ದರು.

ಈಗ ಕಾನೂನಿನ ಮಾತು. ಸ್ವಲ್ಪ ಒಣ, ಆದರೆ ನಮ್ಮ ದುಡ್ಡು ನಿಂತಿದ್ದೇ ಇದರ ಮೇಲೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ, ವ್ಯಾಪಾರಿ ಮಾರುವ ವಸ್ತು ಸೆಕೆಂಡ್ ಹ್ಯಾಂಡ್ ಆದರೂ ಅದರ ವಯಸ್ಸು, ಬೆಲೆಗೆ ತಕ್ಕ ಗುಣಮಟ್ಟದಲ್ಲಿರಬೇಕು. ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ರಿಪೇರಿಗೆ ಅವಕಾಶ ಕೊಡಲೇಬೇಕು ಅಂತೇನಿಲ್ಲ. 30 ದಿನ ದಾಟಿದರೆ ಮಾತ್ರ ಮೊದಲು ಒಂದು ಸಲ ರಿಪೇರಿಗೋ ಬದಲಿಗೋ ಬಿಡಬೇಕು, ಆಮೇಲೆ ಸಿಗುವ ಹಣದಲ್ಲೂ ಬಳಸಿದ್ದಕ್ಕೆ ಕಡಿತ ಆಗಬಹುದು. 'ನೋಡಿದಂತೆಯೇ ಮಾರಲಾಗಿದೆ' ಅಂತ ಬಿಲ್‌ನಲ್ಲಿ ಬರೆದುಬಿಟ್ಟರೆ ಈ ಹಕ್ಕು ಹೋಗಲ್ಲ. ಹೌದು, ಮಾರುವ ಮೊದಲೇ ಒಂದು ದೋಷವನ್ನು ನಿರ್ದಿಷ್ಟವಾಗಿ ತೋರಿಸಿದ್ದರೆ, ಅಥವಾ ನಾವು ಪರೀಕ್ಷೆ ಮಾಡಿದಾಗ ಅದು ಕಾಣುವಂತಿದ್ದರೆ, ಆ ದೋಷದ ಬಗ್ಗೆ ಆಮೇಲೆ ತಕರಾರು ಎತ್ತುವಂತಿಲ್ಲ. ಆದರೆ ಪುಟ್ಟಿಯ ಕೆಳಗಿನ ತೂತು ಯಾರಿಗೆ ಕಾಣುತ್ತೆ?

ಇದೆಲ್ಲ ಡೀಲರ್ ಹತ್ತಿರ ಕೊಂಡರೆ ಮಾತ್ರ. ಯಾರೋ ಮನೆಯವರು ಮಾರುವ ಗಾಡಿ ಆಗಿದ್ದರೆ, ಅವರು ಹೇಳಿದ ಮಾತಿಗೆ ಗಾಡಿ ಹೊಂದಬೇಕು ಅನ್ನೋದು ಬಿಟ್ಟರೆ ನನ್ನ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ.

ಪತ್ರ ಬರೆಯೋಕೆ ಕೂತೆ. ಮೊದಲನೇ ಡ್ರಾಫ್ಟ್ ಎರಡು ಪುಟ, ಪೂರ್ತಿ ಸಿಟ್ಟು. ಹೆಂಡತಿ ಓದಿ, "ಆಫೀಸಲ್ಲಿ ಬಗ್ ರಿಪೋರ್ಟ್ ಹೀಗೇ ಬರೀತೀಯಾ?" ಅಂದಳು. ಅಳಿಸಿ ಮತ್ತೆ ಬರೆದೆ. ಕೊಂಡ ದಿನ, ಕೊಟ್ಟ ಹಣ, ದೋಷ ಏನು, ಎಲ್ಲಿ, ಕಂಡ ದಿನ, ಜೊತೆಗೆ ವರದಿ ಮತ್ತು ಫೋಟೋಗಳು. ಕಾಯ್ದೆಯ ಪ್ರಕಾರ ಗಾಡಿಯನ್ನು ತಿರಸ್ಕರಿಸುತ್ತಿದ್ದೇನೆ, ಬಂದು ತೆಗೆದುಕೊಂಡು ಹೋಗಿ, ಪೂರ್ತಿ ಹಣ ವಾಪಸ್ ಮಾಡಿ. ಹನ್ನೊಂದು ಸಾಲು. 21ನೇ ದಿನ ಇಮೇಲ್ ಮಾಡಿ, ಅಂಚೆಯಲ್ಲೂ ರುಜುವಾತು ಸಮೇತ ಕಳಿಸಿದೆ. ಆವತ್ತಿನಿಂದ ಗಾಡಿ ಮುಟ್ಟಲಿಲ್ಲ. ಮೈಲಿ ಮೀಟರಿನ ಫೋಟೋ ತೆಗೆದು ಇಟ್ಟೆ.

ಹನ್ನೆರಡು ದಿನದ ಮೇಲೆ ಉತ್ತರ ಬಂತು: ಆಗಲ್ಲ.

ನನ್ನ ಪುಣ್ಯಕ್ಕೆ, ಬುಕಿಂಗ್‌ನ 500 ಪೌಂಡ್ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆ. ಅದೂ ದೂರಾಲೋಚನೆಯಿಂದಲ್ಲ, ರಿವಾರ್ಡ್ ಪಾಯಿಂಟ್ ಆಸೆಗೆ. ಇಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ವಸ್ತುವಿನ ಬೆಲೆ 100 ಪೌಂಡ್‌ಗಿಂತ ಹೆಚ್ಚಿದ್ದು 30,000 ದಾಟದಿದ್ದರೆ, ವ್ಯಾಪಾರಿ ಮಾತಿಗೆ ತಪ್ಪಿದಾಗ ಕಾರ್ಡ್ ಕಂಪನಿಯೂ ಅಷ್ಟೇ ಹೊಣೆ. ಒಂದು ಭಾಗವನ್ನು ಮಾತ್ರ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಬೆಲೆಗೆ ಹೊಣೆ. ಡೆಬಿಟ್ ಕಾರ್ಡಿಗೆ ಇದು ಇಲ್ಲ. ಕಾರ್ಡ್ ಕಂಪನಿಗೆ ಎಲ್ಲಾ ಕಾಗದ ಕಳಿಸಿದೆ. ಅವರು ಎಂಟು ವಾರದಲ್ಲಿ ಅಂತಿಮ ಉತ್ತರ ಕೊಡದಿದ್ದರೆ ಹಣಕಾಸು ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ.

ಆಮೇಲಿನ ಏಳು ವಾರ ಹೇಳುವಂಥದ್ದೇನೂ ಇಲ್ಲ. ಕಾಯೋದು. ಪ್ರತಿ ದಿನ ಕೆಲಸಕ್ಕೆ ಹೋಗುವಾಗ ಮನೆ ಮುಂದೆ ನಿಂತ ಆ ಬಿಳೀ ಆನೆಯನ್ನು ದಾಟಿಕೊಂಡು ಹೋಗೋದು. ಅಪ್ಪ ವಾರಕ್ಕೊಮ್ಮೆ ಕೇಳೋರು, "ಏನಾಯ್ತಾ?" ಅಮ್ಮ ಮಾತ್ರ, "ನಂಗೆ ಸ್ಕಾಟ್ಲೆಂಡ್ ಯಾಕೆ, ನಿಮ್ಮನ್ನ ನೋಡಿದ್ರೆ ಸಾಕು" ಅಂತಿದ್ದಳು. ಮೇ ಕೊನೆಯಲ್ಲಿ, ಕಾರ್ಡ್ ಕಂಪನಿಯ ಪತ್ರ ಹೋದ ಮೇಲೆ, ಡೀಲರ್ ಒಪ್ಪಿಕೊಂಡ. ಲಾರಿ ಬಂದು ಗಾಡಿ ಒಯ್ದಿತು, 21,750 ಪೌಂಡ್ ಖಾತೆಗೆ ಬಂತು, ಇನ್ಸ್‌ಪೆಕ್ಷನ್‌ನ 180 ಕೂಡ. ಇನ್ಶೂರೆನ್ಸ್ ರದ್ದು ಮಾಡಿದ್ದಕ್ಕೆ ಹೋದ ದುಡ್ಡು ಹೋದದ್ದೇ.

ಇದನ್ನು ಕೇಳಿ ಮಂಗಳೂರಿನ ಗೆಳೆಯ, "ನಿಮ್ಮಲ್ಲಿ ಆಗುತ್ತೆ, ಇಲ್ಲಿ ಆಗಲ್ಲ ಬಿಡು" ಅಂದ. 30 ದಿನದ ನಿಯಮ ನಮ್ಮಲ್ಲಿ ಇಲ್ಲ ನಿಜ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವ್ಯಾಪಾರಿಯ ಮೇಲೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು. ಕರಾವಳಿಯಲ್ಲಿ ಓಡಿದ ಕಾರು ತಗೊಳ್ಳುವಾಗ ಹೊಸದಾಗಿ ಕಪ್ಪು ಬಳಿದಿದ್ದರೆ, ಬಡಿದು ನೋಡೋಕೆ ಯಾವ ಕಾಯ್ದೆಯೂ ಬೇಕಿಲ್ಲ ಅಂತ ಅವನಿಗೆ ಹೇಳಿದೆ.

ಜೂನ್‌ನಲ್ಲಿ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಒಂಬತ್ತು ದಿನ ಸುತ್ತಿದೆವು. ಹೊರಡುವ ಮುಂಚೆ ಅಪ್ಪ ಲುಂಗಿ ಕಟ್ಟಿ ಅದರ ಕೆಳಗೆ ತೂರಿದ್ದರು, ಬಾಡಿಗೆ ಕೊಟ್ಟ ಹುಡುಗ ಗಾಬರಿಯಾಗಿ ನೋಡುತ್ತಿದ್ದ. ಗ್ಲೆನ್‌ಕೋದಲ್ಲಿ ಅಮ್ಮ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು, ಕಿಟಕಿಯಲ್ಲಿ ಬೆಟ್ಟ ನೋಡುತ್ತಾ ಮೊಸರನ್ನ ತಿಂದಳು.

ಮೊನ್ನೆ ಯಾಕೋ ನೆನಪಾಗಿ ಆ ಹಳೇ ಗಾಡಿಯ ನಂಬರನ್ನು ಮತ್ತೆ ಸೈಟಿನಲ್ಲಿ ಹಾಕಿ ನೋಡಿದೆ. ಒಂದು ಹೊಸ ಟೆಸ್ಟ್ ಆಗಿದೆ. ಫೇಲ್. ಕಾರಣ, ಹಿಂದಿನ ಸಸ್ಪೆನ್ಷನ್ ಹತ್ತಿರ ತುಕ್ಕು. ನಮ್ಮ ಕೈ ಬಿಟ್ಟ ಮೇಲೆ ಅದು 1,900 ಮೈಲಿ ಓಡಿತ್ತು.