ಆನ್‌ಲೈನ್ ಬರವಣಿಗೆ ಕೋರ್ಸ್: ಮನೆಯಲ್ಲೇ ಮುಗಿಸಿಬಿಡೋಣ ಅನ್ನುವವರಿಗೆ

ಅಮೆರಿಕದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವವರಿರಲಿ, ನರ್ಸಿಂಗ್ ಓದುವವರಿರಲಿ, ಮೊದಲ ವರ್ಷದಲ್ಲಿ ಇಂಗ್ಲಿಷ್ ಬರವಣಿಗೆಯ ಕೋರ್ಸೊಂದನ್ನು ದಾಟಿಯೇ ಮುಂದೆ ಹೋಗಬೇಕು. ಬಹುತೇಕ ಕಡೆ ಇದೇ ನಿಯಮ. 1885ರಲ್ಲಿ ಹಾರ್ವರ್ಡ್ ‘ಇಂಗ್ಲಿಷ್ ಎ’ ಎಂಬ ಕೋರ್ಸನ್ನು ಹೊಸದಾಗಿ ಸೇರಿದವರಿಗೆ ಕಡ್ಡಾಯ ಮಾಡಿದ ಮೇಲೆ ಉಳಿದ ಕಾಲೇಜುಗಳೂ ಅದೇ ದಾರಿ ಹಿಡಿದವು. ಈಗ ಇದು ಆನ್‌ಲೈನಿನಲ್ಲೂ ಸಿಗುತ್ತದೆ. ಇಲ್ಲಿಂದ ಓದಲು ಹೋದ ನಮ್ಮ ಹುಡುಗ ಹುಡುಗಿಯರು, ಮನೆಯವರ ಕೆಲಸದ ನಿಮಿತ್ತ ಹೋಗಿ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೆಸರು ಕೊಟ್ಟವರು, “ಕಷ್ಟದ ವಿಷಯಗಳಿಗೆ ಕ್ಯಾಂಪಸ್ಸಿಗೆ ಹೋಗೋಣ, ಇದನ್ನು ಮನೆಯಲ್ಲೇ ಮುಗಿಸಿಬಿಡೋಣ” ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಹಿಂದೆ ಕೆಲವು ತಪ್ಪು ನಂಬಿಕೆಗಳಿವೆ.

“ತರಗತಿಗೆ ಹೋಗುವುದಿಲ್ಲವಲ್ಲ, ಸಮಯ ಉಳಿಯುತ್ತದೆ”

ಉಳಿಯುವುದು ಬಸ್ಸಿನ ಸಮಯ ಮಾತ್ರ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಅದರ ಹೊರಗೆ ಕನಿಷ್ಠ ಎರಡು ಗಂಟೆ ಸ್ವಂತ ಕೆಲಸ, ಹೀಗೆ ಸುಮಾರು 15 ವಾರ. ಪಾಠ ಯಾವ ರೂಪದಲ್ಲಿ ನಡೆದರೂ ಅಷ್ಟೇ ಪ್ರಮಾಣದ ಕೆಲಸ ಇರಬೇಕು. ಮೂರು ಕ್ರೆಡಿಟ್ಟಿನ ಕೋರ್ಸಿಗೆ ವಾರಕ್ಕೆ 9 ಗಂಟೆ, ಒಟ್ಟು 135 ಗಂಟೆ. ಇದೇ ಕೋರ್ಸನ್ನು ಬೇಸಿಗೆಯಲ್ಲಿ 8 ವಾರಕ್ಕೆ ಹಿಂಡಿದರೆ ವಾರಕ್ಕೆ ಸುಮಾರು 17 ಗಂಟೆ. ರಜೆಗೆ ಊರಿಗೆ ಬಂದು, ಮದುವೆ ಮುಂಜಿ ಮುಗಿಸಿಕೊಂಡು, ನಡುವೆ ಬೇಸಿಗೆ ಕೋರ್ಸನ್ನೂ ಮಾಡಿಬಿಡುತ್ತೇನೆ ಅನ್ನುವವರು ಈ 17ನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಲಿ. ಕ್ಯಾಲಿಫೋರ್ನಿಯಾದ ಕಾಲೇಜು ಕೊಟ್ಟ ರಾತ್ರಿ 11.59ರ ಗಡುವು ಬೇಸಿಗೆಯಲ್ಲಿ ಬೆಂಗಳೂರಿನ ಮರುದಿನ ಮಧ್ಯಾಹ್ನ 12.29 ಎನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಲಿ.

ಎಫ್-1 ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ಮಾತು. ಸೆಮಿಸ್ಟರಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಒಂದು ಆನ್‌ಲೈನ್ ಕೋರ್ಸ್ ಅಥವಾ ಮೂರು ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಒಂದು ಅವಕಾಶವನ್ನು ಬರವಣಿಗೆಗೇ ಖರ್ಚು ಮಾಡಬೇಕೇ ಎಂದು ಮೊದಲೇ ಯೋಚಿಸುವುದು ಒಳ್ಳೆಯದು.

“ಈಗಿನ ಮಕ್ಕಳು ಮೊಬೈಲ್ ಹಿಡಿದೇ ಹುಟ್ಟಿದವರು, ಅವರಿಗೇನು ಕಷ್ಟ?”

‘ಡಿಜಿಟಲ್ ನೇಟಿವ್’ ಎಂಬ ಮಾತನ್ನು ಮಾರ್ಕ್ ಪ್ರೆನ್ಸ್ಕಿ 2001ರಲ್ಲಿ ಚಲಾವಣೆಗೆ ತಂದಾಗಿನಿಂದ ಈ ನಂಬಿಕೆ ಗಟ್ಟಿಯಾಗಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದ ಡಿ ಷೂ ಮತ್ತು ಶಾನಾ ಜಾಗರ್ಸ್ ವಾಷಿಂಗ್ಟನ್ ರಾಜ್ಯದ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಜಾಲಾಡಿದಾಗ ಕಂಡದ್ದು ಬೇರೆ. ಆನ್‌ಲೈನಿನಲ್ಲಿ ಎಲ್ಲ ಬಗೆಯ ವಿದ್ಯಾರ್ಥಿಗಳ ಸಾಧನೆಯೂ ಇಳಿದಿತ್ತು, ವಯಸ್ಸಿನಲ್ಲಿ ಚಿಕ್ಕವರದು ಇನ್ನೂ ಹೆಚ್ಚು ಇಳಿದಿತ್ತು. ಆ್ಯಪ್ ಬಳಸುವ ಚುರುಕು ಬೇರೆ, ಯಾರೂ ಹಾಜರಿ ಕೂಗದಿದ್ದರೂ ಮಂಗಳವಾರ ಸಂಜೆ ಕುರ್ಚಿಯಲ್ಲಿ ಕೂರುವ ಶಿಸ್ತು ಬೇರೆ.

“ಇಂಗ್ಲಿಷ್ ಚೆನ್ನಾಗಿದ್ದರೆ ಸಾಕು”

ನಮ್ಮವರನ್ನು ಹೆಚ್ಚು ಏಮಾರಿಸುವುದು ಇದೇ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ದಾಟಿ ಹೋದವರಿಗೆ ಮೊದಲ ಪ್ರಬಂಧಕ್ಕೆ ಸಿ ಗ್ರೇಡ್ ಬಂದರೆ ತಲೆಬುಡ ಅರ್ಥವಾಗುವುದಿಲ್ಲ. ವ್ಯಾಕರಣದಲ್ಲಿ ತಪ್ಪಿಲ್ಲವಲ್ಲ!

ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಕಾಲೇಜಿನ ಮೊದಲ ವರ್ಷದ 20 ವಿದ್ಯಾರ್ಥಿಗಳೂ ಪಳಗಿದ 20 ಬರಹಗಾರರೂ ತಮ್ಮ ಕರಡನ್ನು ಹೇಗೆ ತಿದ್ದುತ್ತಾರೆ ಎಂದು ಅವರು ಹೋಲಿಸಿದರು. ವಿದ್ಯಾರ್ಥಿಗಳ ಪಾಲಿಗೆ ತಿದ್ದುವುದೆಂದರೆ ಒಂದು ಪದ ತೆಗೆದು ಇನ್ನೊಂದು ಚಂದದ ಪದ ಇಡುವುದು. ಪಳಗಿದವರು ಮಾತ್ರ ತಮ್ಮ ವಾದದ ಆಕಾರವನ್ನೇ ಹುಡುಕುತ್ತಿದ್ದರು. ಪ್ಯಾರಾಗಳನ್ನು ಕಿತ್ತು ಬೇರೆಡೆ ಇಡಲು, ಇಡೀ ಪುಟ ಎಸೆಯಲು ಹಿಂಜರಿಯುತ್ತಿರಲಿಲ್ಲ.

ಉದಾಹರಣೆಗೆ ‘ಮೊಬೈಲಿನಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ’ ಎಂದು ಶುರುವಾಗುವ ಪ್ರಬಂಧ. ಎಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದರೂ ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ, ಹಾಗಾಗಿ ವಾದವೂ ಇಲ್ಲ. ‘ತರಗತಿಯಲ್ಲಿ ಮೊಬೈಲ್ ಪೂರ್ತಿ ನಿಷೇಧಿಸಿದರೆ ಪೆಟ್ಟು ಬೀಳುವುದು ಲ್ಯಾಪ್‌ಟಾಪ್ ಕೊಳ್ಳಲಾಗದವರಿಗೆ’ ಅನ್ನಿ. ಈಗ ಒಬ್ಬರಾದರೂ ಜಗಳಕ್ಕೆ ಬರುತ್ತಾರೆ, ನೀವು ಪುರಾವೆ ಹುಡುಕಲೇಬೇಕಾಗುತ್ತದೆ. ನಮ್ಮ ಬೋರ್ಡ್ ಪರೀಕ್ಷೆಗಳಲ್ಲಿ ಮೂರು ಗಂಟೆಯೊಳಗೆ ಬರೆದದ್ದೇ ಮೊದಲು, ಬರೆದದ್ದೇ ಕೊನೆ. ಒಂದೇ ಪ್ರಬಂಧವನ್ನು ಮೂರು ಸಲ ಒಪ್ಪಿಸು ಎನ್ನುವ ಕೋರ್ಸು ಆ ಅಭ್ಯಾಸಕ್ಕೆ ಅವಮಾನದ ಹಾಗೆ ಕಾಣುತ್ತದೆ. ಅಲ್ಲಿ ಅಂಕ ಹುಟ್ಟುವುದು ಆ ಎರಡನೇ, ಮೂರನೇ ಸಲದಲ್ಲೇ.

“ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರಾಯಿತು”

ಆನ್‌ಲೈನಿನಲ್ಲಿ ಹಿಂದಿನ ಬೆಂಚೇ ಇಲ್ಲ. ಕ್ಯಾನ್ವಾಸ್, ಮೂಡಲ್‌ನಂಥ ವೇದಿಕೆಗಳಲ್ಲಿ ನೀವು ಬರೆಯದಿದ್ದರೆ ನೀವು ಬಂದೇ ಇಲ್ಲ. ಚರ್ಚೆ ಬರವಣಿಗೆಯಲ್ಲಿ, ಸಹಪಾಠಿಯ ಕರಡಿಗೆ ಸಲಹೆ ಬರವಣಿಗೆಯಲ್ಲಿ, ಕೊನೆಗೆ ಸಂದೇಹ ಕೇಳುವುದೂ ಬರವಣಿಗೆಯಲ್ಲಿ. ಮುಖಾಮುಖಿ ತರಗತಿಯಲ್ಲಿ ಮೇಷ್ಟ್ರು ನಿಮ್ಮ ಮುಖ ನೋಡಿಯೇ ಅರ್ಥವಾಗಿಲ್ಲ ಎಂದು ತಿಳಿಯುತ್ತಾರೆ. ಇಲ್ಲಿ ಮುಖದ ಕೆಲಸವನ್ನೂ ವಾಕ್ಯವೇ ಮಾಡಬೇಕು.

‘ನಿಮ್ಮ ಅಭಿಪ್ರಾಯ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ’ ಎಂಬ ಉತ್ತರಕ್ಕೆ ಅಂಕ ನಿರೀಕ್ಷಿಸಬೇಡಿ. ‘ಮೂರನೇ ಪ್ಯಾರಾದ ಉದಾಹರಣೆ ನಿಮ್ಮ ವಾದಕ್ಕೇ ಎದುರು ನಿಲ್ಲುತ್ತದಲ್ಲವೇ?’ ಎಂದರೆ ಬರೆದವರಿಗೂ ಲಾಭ, ನಿಮಗೂ ಲಾಭ. ಮೇಷ್ಟ್ರಿಗೆ ಬರೆಯುವಾಗಲೂ ಅಷ್ಟೇ. ‘ಸರ್, ಅರ್ಥವಾಗಲಿಲ್ಲ’ ಎಂದರೆ ಅವರಿಗೂ ಅರ್ಥವಾಗುವುದಿಲ್ಲ. ‘ಆಧಾರ ಸಾಲದು ಎಂದಿದ್ದೀರಿ. ಅಂಕಿ ಅಂಶ ಬೇಕೋ, ಅಥವಾ ಇರುವುದನ್ನೇ ಇನ್ನಷ್ಟು ವಿವರಿಸಬೇಕೋ?’ ಎಂದು ಕೇಳಿದವರಿಗೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಗುರುಗಳನ್ನು ಪ್ರಶ್ನಿಸುವುದು ಉದ್ಧಟತನ ಎಂದು ಬೆಳೆದವರು ಈ ಸಂಕೋಚವನ್ನು ಮೊದಲ ವಾರವೇ ಬಿಡಬೇಕು.

“ಟರ್ನಿಟಿನ್ ಶೇಕಡಾ ಕಡಿಮೆ ತೋರಿಸಿದರೆ ಬಚಾವ್”

ನಕಲು ಹಿಡಿಯಲು ಕಾಲೇಜುಗಳು ಬಳಸುವ ಟರ್ನಿಟಿನ್ ತಂತ್ರಾಂಶ ಅಳೆಯುವುದು ಹೋಲಿಕೆಯನ್ನು, ಕದ್ದದ್ದನ್ನಲ್ಲ. ಉದ್ಧರಣ ಚಿಹ್ನೆಯೊಳಗೆ ಇಟ್ಟು ಮೂಲ ಹೇಳಿದ ಸಾಲೂ ಅಲ್ಲಿ ಬಣ್ಣ ಹಚ್ಚಿಸಿಕೊಳ್ಳಬಹುದು. ಇನ್ನೊಬ್ಬರ ವಿಚಾರವನ್ನು ಪದ ಬದಲಿಸಿ ತಮ್ಮದೆಂದು ಬರೆದದ್ದು ಕಣ್ತಪ್ಪಬಹುದು. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿ ಪೂರ್ತಿ ಅಂಕ ತೆಗೆದವರಿಗೆ, ಯಾರ ಮಾತು ಎಲ್ಲಿ ಮುಗಿದು ತನ್ನ ಮಾತು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಹೊಸ ಕೆಲಸವೇ.

ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಭಯ ಸೇರಿದೆ. ತಾನೇ ಬರೆದದ್ದನ್ನು ಯಂತ್ರ ಬರೆದದ್ದು ಎಂದುಬಿಟ್ಟರೆ? ಭಯ ಸುಳ್ಳಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಯಂತ್ರದ ಬರಹವನ್ನು ಪತ್ತೆಹಚ್ಚುವ ಏಳು ತಂತ್ರಾಂಶಗಳಿಗೆ ಕೊಟ್ಟರು. ಅವು ಸರಾಸರಿ ಶೇಕಡಾ 61ರಷ್ಟು ಪ್ರಬಂಧಗಳನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿದವು. ಅದೇ ವರ್ಷದ ಜುಲೈನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ನಿಖರತೆ ಸಾಲದೆಂದು ತನ್ನ ಪತ್ತೆ ತಂತ್ರಾಂಶವನ್ನು ಹಿಂತೆಗೆದುಕೊಂಡಿತು. ಮೊದಲ ಅಕ್ಷರದಿಂದಲೂ ಗೂಗಲ್ ಡಾಕ್ಸ್‌ನಲ್ಲೇ ಬರೆದರೆ ಯಾವತ್ತು ಏನು ಬರೆದಿರಿ, ಏನು ಅಳಿಸಿದಿರಿ ಎಂಬ ಇತಿಹಾಸ ಅದರಲ್ಲಿ ಉಳಿಯುತ್ತದೆ. ಪ್ರಶ್ನೆ ಎದ್ದ ದಿನ ಅದನ್ನು ತೆರೆದು ತೋರಿಸಬಹುದು.

“ರೈಟಿಂಗ್ ಸೆಂಟರ್ ದಡ್ಡರಿಗೆ”

ನಮ್ಮಲ್ಲಿ ಟ್ಯೂಷನ್ನಿಗೆ ಹೋಗುವವರ ಬಗ್ಗೆ ಆಡುವ ಮಾತನ್ನೇ ಅಲ್ಲಿಗೂ ಒಯ್ಯುತ್ತೇವೆ. ಬರವಣಿಗೆಗೆ ನೆರವಾಗುವ ರೈಟಿಂಗ್ ಸೆಂಟರ್ ಬಹಳಷ್ಟು ಕಾಲೇಜುಗಳಲ್ಲಿ ಈಗ ವಿಡಿಯೋ ಕರೆಯಲ್ಲೂ ಸಿಗುತ್ತದೆ, ಸಾಮಾನ್ಯವಾಗಿ ಬೇರೆ ಶುಲ್ಕವಿಲ್ಲ. ಅಲ್ಲಿನವರು ಕಾಗುಣಿತ ತಿದ್ದಿಕೊಡುವುದಿಲ್ಲ, “ಇಲ್ಲಿ ಏನು ಹೇಳಬೇಕೆಂದಿದ್ದಿರಿ?” ಎಂದು ಕೇಳುತ್ತಾರೆ. ಉತ್ತರ ಹೇಳುವಾಗ ಬಾಯಿಗೆ ಬಂದ ವಾಕ್ಯ ಎಷ್ಟೋ ಸಲ ಪುಟದ ಮೇಲಿರುವುದಕ್ಕಿಂತ ನೆಟ್ಟಗಿರುತ್ತದೆ. ಅದನ್ನೇ ಬರೆದುಕೊಂಡು ಬನ್ನಿ. ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ಎಲ್ಲರೂ ಮುಗಿಬೀಳುವುದರಿಂದ ಸಮಯ ಸಿಗುವುದು ಕಷ್ಟ. ಎರಡನೇ ವಾರದಲ್ಲೇ ಒಂದು ಸಲ ಕಾಯ್ದಿರಿಸಿ, ಅರೆಬರೆ ಕರಡಿದ್ದರೂ ಪರವಾಗಿಲ್ಲ.