ಏರ್ ಆಂಬುಲೆನ್ಸ್: ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮನೆಯ ಹಿರಿಯರೊಬ್ಬರು ಮಂಗಳೂರಿನ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ ಎಂದಿಟ್ಟುಕೊಳ್ಳಿ. "ಇನ್ನೂ ದೊಡ್ಡ ಆಸ್ಪತ್ರೆಗೆ ಕೊಂಡೊಯ್ದರೆ ನೋಡಬಹುದು" ಎಂದು ಹೇಳಿ ವೈದ್ಯರು ಹೊರಟು ಹೋಗಿದ್ದಾರೆ. "ಎಷ್ಟು ಖರ್ಚಾದರೂ ಆಗಲಿ, ವಿಮಾನದಲ್ಲೇ ಕರೆದೊಯ್ಯಿರಿ" ಎಂದು ಗಲ್ಫ್‌ನಲ್ಲಿರುವ ಮಗ ಫೋನಿನಲ್ಲಿ ಅಳುತ್ತಿದ್ದಾನೆ. ಯಾರೋ ಒಂದು ನಂಬರ್ ಕೊಡುತ್ತಾರೆ. ಆ ಕಡೆಯವನು ರೋಗಿಯ ಸ್ಥಿತಿಯನ್ನು ಸರಿಯಾಗಿ ಕೇಳುವ ಮೊದಲೇ ಲಕ್ಷಗಟ್ಟಲೆ ಮುಂಗಡ ಹಾಕಲು ಹೇಳುತ್ತಾನೆ. ಕೈಯ ಬಳೆ ಮಾರುವುದೇ, ಜಾಗದ ಪತ್ರ ಅಡವಿಡುವುದೇ ಎಂದು ನೀವು ಲೆಕ್ಕ ಹಾಕತೊಡಗುತ್ತೀರಿ.

ಇಂತಹ ಗಳಿಗೆ ಯಾರ ಮನೆಗೂ ಬರಬಹುದು. ಆಗ ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ನಿರಾಳವಾಗಿರುವ ಇಂದೇ ಕೆಲವು ವಿಷಯಗಳನ್ನು ತಿಳಿದಿಟ್ಟುಕೊಳ್ಳೋಣ.

ಮೊದಲ ಪ್ರಶ್ನೆ ವೈದ್ಯರಿಗೆ

ವಿಮಾನ ರೋಗವನ್ನು ಗುಣಪಡಿಸುವುದಿಲ್ಲ. ಅದು ರೋಗಿಯನ್ನು ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ತಲುಪಿಸುತ್ತದೆ, ಅಷ್ಟೇ. ಆದ್ದರಿಂದ ಚಿಕಿತ್ಸೆ ನೀಡುತ್ತಿರುವ ವೈದ್ಯರ ಬಳಿ ಮೂರು ಮಾತುಗಳನ್ನು ಸ್ಪಷ್ಟವಾಗಿ ಕೇಳಿರಿ. ಇಲ್ಲಿ ಸಿಗದ ಯಾವ ಚಿಕಿತ್ಸೆ ಅಲ್ಲಿ ಸಿಗುತ್ತದೆ? ಈ ಸ್ಥಿತಿಯಲ್ಲಿ ರೋಗಿ ಪ್ರಯಾಣವನ್ನು ತಾಳಿಕೊಳ್ಳಬಲ್ಲರೇ? ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ಮತ್ತು ನೋಡುವ ವೈದ್ಯರು ಖಚಿತವಾಗಿದ್ದಾರೆಯೇ? ಮೊದಲ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಓಡಾಟವೆಲ್ಲ ವ್ಯರ್ಥ.

ಎರಡನೆಯ ಪ್ರಶ್ನೆ ಏಕೆ ಮುಖ್ಯವೆಂದರೆ, ಆಕಾಶವು ರೋಗಿಗೆ ಸುಲಭದ ಜಾಗವಲ್ಲ. ಮೇಲೆ ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡವು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಆರೋಗ್ಯವಂತರಿಗೆ ಇದು ಗೊತ್ತಾಗುವುದಿಲ್ಲ. ಆದರೆ ಶ್ವಾಸಕೋಶ ಸೋತವರ ರಕ್ತದಲ್ಲಿ ಆಮ್ಲಜನಕ ಬೇಗನೆ ಕುಸಿಯುತ್ತದೆ. ದೇಹದೊಳಗೆ ಸಿಕ್ಕಿಕೊಂಡ ಗಾಳಿ ಅಷ್ಟು ಎತ್ತರದಲ್ಲಿ ಸುಮಾರು ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಆದ್ದರಿಂದ ಎದೆಗೂಡಿನಲ್ಲಿ ಗಾಳಿ ತುಂಬಿದವರು, ತಲೆಗೆ ಪೆಟ್ಟಾಗಿ ಬುರುಡೆಯೊಳಗೆ ಗಾಳಿ ಸೇರಿದವರು, ಇತ್ತೀಚೆಗಷ್ಟೇ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಅಪಾಯಕ್ಕೊಳಗಾಗಬಹುದು. ಅಂಥವರಿಗಾಗಿ ವಿಮಾನವನ್ನು ತಗ್ಗಿನಲ್ಲಿ ಹಾರಿಸಲು ಹೇಳಬೇಕಾಗುತ್ತದೆ, ಇಲ್ಲವೇ ಪ್ರಯಾಣವನ್ನೇ ಮುಂದೂಡಬೇಕಾಗುತ್ತದೆ.

ಎಷ್ಟು ಸಮಯ ಉಳಿಯುತ್ತದೆ?

ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ವಿಮಾನಕ್ಕೆ ಅದು ಒಂದು ಗಂಟೆಯ ಹಾದಿ. ಆದರೆ ಗಡಿಯಾರ ಓಡತೊಡಗುವುದು ವಿಮಾನ ಮೇಲೇರಿದಾಗಲ್ಲ, ನೀವು ಫೋನ್ ಮಾಡಿದಾಗ. ವಿಮಾನ ಬಜಪೆಯಲ್ಲಿ ನಿಮಗಾಗಿ ಕಾದು ನಿಂತಿರುವುದಿಲ್ಲ, ಹೆಚ್ಚಾಗಿ ಬೇರೆ ನಗರದಿಂದಲೇ ಬರಬೇಕು. ಅನುಮತಿ ಸಿಗಬೇಕು. ಆಸ್ಪತ್ರೆಯಿಂದ ಬಜಪೆಗೆ ಒಂದು ಆಂಬುಲೆನ್ಸ್, ದೇವನಹಳ್ಳಿಯಿಂದ ಬೆಂಗಳೂರು ನಗರದೊಳಗೆ ಇನ್ನೊಂದು. ನಾಲ್ಕು ಬಾರಿ ರೋಗಿಯನ್ನು ಎತ್ತಿ ಇಳಿಸಬೇಕು. ಇವೆಲ್ಲವನ್ನೂ ಕೂಡಿಸಿದರೆ ಅದು ರಸ್ತೆಯಷ್ಟೇ ಸಮಯವಾದರೂ ಆಶ್ಚರ್ಯವಿಲ್ಲ.

2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನಗಳ ಕೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲೇ ಸಾಗಿಸಿದುದು ನಿಮಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರು ಮತ್ತು ಊರ ಜನರು ವಾಹನಗಳನ್ನು ತಡೆದು ದಾರಿ ಬಿಟ್ಟುಕೊಟ್ಟರು. ಐದು ಗಂಟೆಯೊಳಗೆ ಕೂಸು ಆಸ್ಪತ್ರೆ ಸೇರಿತು.

ಹಾಗೆಂದು ವಿಮಾನ ಬೇಡವೆಂದಲ್ಲ. ಚೆನ್ನೈ, ಹೈದರಾಬಾದ್, ದಿಲ್ಲಿಯಂಥ ದೂರದ ಊರಿಗೆ ವೆಂಟಿಲೇಟರ್ ಮೇಲಿರುವ ರೋಗಿಯನ್ನು ಸಾಗಿಸಬೇಕಾದರೆ ಅದೇ ಸರಿಯಾದ ದಾರಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗಲೂ ವಿಮಾನವೇ ಆಸರೆಯಾಗಬಹುದು. ಆದರೆ ಅದೇ ಮಳೆ ಗುಡ್ಡದ ಮೇಲಿರುವ ಬಜಪೆ ನಿಲ್ದಾಣದಲ್ಲಿ ವಿಮಾನ ಇಳಿಯುವುದನ್ನೂ ತಡೆಯಬಹುದು ಎಂಬುದನ್ನು ಮರೆಯದಿರಿ.

ಕಂಪೆನಿಯವರಲ್ಲಿ ಕೇಳಬೇಕಾದುದು

1. ವಿಮಾನ ಯಾರದ್ದು? ಜಾಹೀರಾತು ಹಾಕುವವರಲ್ಲಿ ಅನೇಕರು ಮಧ್ಯವರ್ತಿಗಳು, ಅವರಲ್ಲಿ ಸ್ವಂತ ವಿಮಾನವಿಲ್ಲ. ಮಧ್ಯವರ್ತಿಯಾಗಿರುವುದು ತಪ್ಪಲ್ಲ, ಅದನ್ನು ಮರೆಮಾಚುವುದು ತಪ್ಪು. ವಿಮಾನ ಹಾರಿಸುವ ಸಂಸ್ಥೆಯ ಹೆಸರು, ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನೀಡಿದ ಪರವಾನಿಗೆ, ವಿಮಾನದ ನೋಂದಣಿ ಸಂಖ್ಯೆ ಇವುಗಳನ್ನು ಬರೆಸಿಕೊಳ್ಳಿ. ಭಾರತದ ವಿಮಾನಗಳ ನೋಂದಣಿ 'ವಿಟಿ' ಅಕ್ಷರಗಳಿಂದ ಆರಂಭವಾಗುತ್ತದೆ.

2. ಜೊತೆಗೆ ಯಾರು ಬರುತ್ತಾರೆ? ಐಸಿಯು ಅನುಭವವಿರುವ ವೈದ್ಯರೇ, ಅಥವಾ ಬರೀ ಸಹಾಯಕರೇ? ಆ ವೈದ್ಯರು ಹೊರಡುವ ಮೊದಲೇ ಇಲ್ಲಿನ ವೈದ್ಯರೊಂದಿಗೆ ನೇರವಾಗಿ ಮಾತನಾಡಬೇಕು. ಮಾತನಾಡಲು ಒಪ್ಪದಿದ್ದರೆ ಆ ಕಂಪೆನಿಯನ್ನು ಬಿಟ್ಟುಬಿಡಿ.

3. ವಿಮಾನದಲ್ಲಿ ಏನೇನಿದೆ? ವೆಂಟಿಲೇಟರ್, ಮಾನಿಟರ್, ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಕಫ ಹೀರುವ ಯಂತ್ರ, ಪ್ರಯಾಣ ತಡವಾದರೂ ಸಾಲುವಷ್ಟು ಆಮ್ಲಜನಕ. ನವಜಾತ ಶಿಶುವಾದರೆ ಇನ್‌ಕ್ಯುಬೇಟರ್ ಬೇಕೇ ಬೇಕು.

4. ಎರಡೂ ಕಡೆಯ ಆಂಬುಲೆನ್ಸ್ ಯಾರ ಜವಾಬ್ದಾರಿ? ಹಾಸಿಗೆಯಿಂದ ಹಾಸಿಗೆಗೆ ಒಬ್ಬರೇ ಹೊಣೆ ಹೊತ್ತರೆ ಮೇಲು. ವಿಮಾನ ಇಳಿದ ಮೇಲೆ ಆಂಬುಲೆನ್ಸ್‌ಗಾಗಿ ಕಾಯುವಂತಾಗಬಾರದು.

5. ಮನೆಯವರು ಎಷ್ಟು ಮಂದಿ ಬರಬಹುದು? ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರಿಗೆ ಮಾತ್ರ ಜಾಗ. ರೋಗಿ ಹೆಂಗಸಾದರೆ ಮಗಳೋ ಸೊಸೆಯೋ ಜೊತೆಗಿರುವಂತೆ ಮೊದಲೇ ಹೇಳಿಬಿಡಿ.

6. ಒಟ್ಟು ಬಿಲ್ ಎಷ್ಟು? ಖಾಲಿ ವಿಮಾನ ಬಂದು ಹೋಗುವ ವೆಚ್ಚವೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಕಾಯುವ ಬಾಡಿಗೆ ಎಷ್ಟು, ರೋಗಿಯ ಸ್ಥಿತಿ ಬಿಗಡಾಯಿಸಿ ಪ್ರಯಾಣ ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬುದೆಲ್ಲ ಲಿಖಿತವಾಗಿರಲಿ. ಹಣವನ್ನು ಸಂಸ್ಥೆಯ ಖಾತೆಗೇ ಕಟ್ಟಿ ರಶೀದಿ ಪಡೆಯಿರಿ, ವ್ಯಕ್ತಿಯೊಬ್ಬನ ಖಾತೆಗೆ ಬೇಡ.

ಇನ್ನೊಂದು ಮಾತು. ಹವಾಮಾನ ಸರಿಯಿಲ್ಲ, ಈಗ ಹೊರಡುವುದಿಲ್ಲ ಎಂದು ಪೈಲಟ್ ಹೇಳಿದರೆ ಅಳಬೇಡಿ, ಒತ್ತಾಯಿಸಬೇಡಿ. 2011ರ ಮೇ 25ರ ರಾತ್ರಿ ಪಾಟ್ನಾದಿಂದ ದಿಲ್ಲಿಗೆ ರೋಗಿಯನ್ನು ಕರೆತರುತ್ತಿದ್ದ ಸಣ್ಣ ವಿಮಾನವೊಂದು ಕೆಟ್ಟ ಹವಾಮಾನದಲ್ಲಿ ಫರೀದಾಬಾದಿನ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಏಳು ಮಂದಿ ಮತ್ತು ನೆಲದ ಮೇಲಿದ್ದ ಮೂವರು ಹೆಂಗಸರು ಪ್ರಾಣ ಕಳಕೊಂಡರು.

ಗಲ್ಫ್‌ನಿಂದ ಕರೆತರುವುದಾದರೆ

ಗಲ್ಫ್‌ನಲ್ಲಿ ಪಾರ್ಶ್ವವಾಯು ಬಡಿದು ಅಥವಾ ಅಪಘಾತವಾಗಿ ಮಲಗಿದವರನ್ನು ಊರಿಗೆ ತರಲು ಪ್ರತ್ಯೇಕ ವಿಮಾನವೇ ಬೇಕೆಂದಿಲ್ಲ. ಸ್ಥಿತಿ ಸ್ಥಿರವಾಗಿದ್ದರೆ ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿಯೇ ಕೆಲವು ಸೀಟುಗಳ ಮೇಲೆ ಸ್ಟ್ರೆಚರ್ ಜೋಡಿಸಿ ತರಬಹುದು. ಅಷ್ಟು ಸೀಟುಗಳ ದರ ಕೊಡಬೇಕಾದರೂ ಪ್ರತ್ಯೇಕ ವಿಮಾನದ ವೆಚ್ಚಕ್ಕಿಂತ ಇದು ಎಷ್ಟೋ ಕಡಿಮೆ. ಎಲ್ಲ ಕಂಪೆನಿಗಳೂ, ಎಲ್ಲ ಮಾರ್ಗಗಳಲ್ಲೂ ಇದಕ್ಕೆ ಒಪ್ಪುವುದಿಲ್ಲ. ಬೇರೆ ನಗರದಲ್ಲಿಳಿದು ರಸ್ತೆಯಲ್ಲಿ ಬರಬೇಕಾಗಬಹುದು.

ಇದಕ್ಕಾಗಿ ಕೆಲವು ದಿನಗಳ ಮೊದಲೇ ವಿಮಾನ ಕಂಪೆನಿಯ ವೈದ್ಯಕೀಯ ಅರ್ಜಿಯನ್ನು ಅಲ್ಲಿನ ವೈದ್ಯರಿಂದ ತುಂಬಿಸಿ ಕೊಡಬೇಕು. ಪ್ರಯಾಣಕ್ಕೆ ಯೋಗ್ಯರೆಂಬ ಪ್ರಮಾಣಪತ್ರ, ಇಲ್ಲಿನ ಆಸ್ಪತ್ರೆ ದಾಖಲಿಸಿಕೊಳ್ಳಲು ಒಪ್ಪಿದ ಪತ್ರ, ಪಾಸ್‌ಪೋರ್ಟ್, ವೀಸಾ ಸಂಬಂಧಿ ಕಾಗದಗಳು ಸಿದ್ಧವಿರಬೇಕು. ಬಡ ಕಾರ್ಮಿಕರಾದರೆ ಮೊದಲು ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ಸಂಕಷ್ಟದಲ್ಲಿರುವ ಅನಿವಾಸಿಗಳ ತುರ್ತು ನೆರವಿಗೆಂದು 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ರಾಯಭಾರ ಕಚೇರಿಗಳ ಮೂಲಕವೇ ನೆರವು ನೀಡುತ್ತದೆ.

ಚಿಕಿತ್ಸೆಗೆ ಹಣ ಉಳಿಸಿಕೊಳ್ಳಿ

ಕೆಲವು ಆರೋಗ್ಯ ವಿಮೆಗಳು ಏರ್ ಆಂಬುಲೆನ್ಸ್ ವೆಚ್ಚವನ್ನು ಒಂದು ಮಿತಿಯವರೆಗೆ ಕೊಡುತ್ತವೆ. ಆದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಾಗಬಹುದು. ಇಂದೇ ನಿಮ್ಮ ಪಾಲಿಸಿಯನ್ನು ತೆರೆದು ಓದಿ ನೋಡಿ.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಇರುವುದನ್ನೆಲ್ಲ ವಿಮಾನಕ್ಕೇ ಸುರಿಯುವುದು. ಅಲ್ಲಿ ತಲುಪಿದ ಮೇಲೆ ಶಸ್ತ್ರಚಿಕಿತ್ಸೆಯ, ಐಸಿಯುನ, ಔಷಧಿಯ ಬಿಲ್ ಕಾದಿರುತ್ತದೆ. ಒಂದು ಗಂಟೆಯ ಹಾರಾಟಕ್ಕೆ ಬಳೆ ಮಾರಿ, ಮರುದಿನ ಆಪರೇಶನ್‌ಗೆ ಹಣವಿಲ್ಲದೆ ಕೂರುವಂತಾಗಬಾರದು.

ಸಹೋದರಿಯರೇ, ಇಂತಹ ತೀರ್ಮಾನಗಳು ನಮ್ಮ ಮನೆಗಳಲ್ಲಿ ಗಂಡಸರ ನಡುವೆಯೇ ಮುಗಿದುಹೋಗುತ್ತವೆ. ಆದರೆ ರೋಗಿಯ ಪಕ್ಕದಲ್ಲಿ ರಾತ್ರಿ ಕುಳಿತವರು ನೀವು. ಯಾವ ಔಷಧಿ ಒಗ್ಗುವುದಿಲ್ಲ, ಉಸಿರು ಯಾವಾಗ ಕಟ್ಟುತ್ತದೆ ಎಂದು ಬಲ್ಲವರೂ ನೀವೇ. ಆದ್ದರಿಂದ ಈ ಪ್ರಶ್ನೆಗಳನ್ನು ಕೇಳಲು ಹಿಂಜರಿಯಬೇಡಿ. ಎಲ್ಲವನ್ನೂ ಕೇಳಿದ ಬಳಿಕ "ಇಲ್ಲೇ ಇರಲಿ, ಪ್ರಯಾಣ ಬೇಡ" ಎಂಬ ತೀರ್ಮಾನಕ್ಕೆ ಬಂದರೂ ಅದು ಪ್ರೀತಿಯ ಕೊರತೆಯಲ್ಲ, ಹಣದ ಜಿಪುಣತನವೂ ಅಲ್ಲ. ಹಾಗೆಂದವರನ್ನು ನಾಳೆ ಯಾರೂ ದೂರದಿರಲಿ. ನಮ್ಮಿಂದಾದ ಪ್ರಯತ್ನವನ್ನು ತಿಳಿದು ಮಾಡುವುದು ನಮ್ಮ ಕೆಲಸ. ಶಿಫಾ ಕೊಡುವವನು ಅಲ್ಲಾಹನು.